ಶಾಲು ಸಾಕು, ಸಂಬಳದ ಲೆಕ್ಕ ಬರೆಯಿರಿ

ಹೊಸದಾಗಿ ಬಂದ ಆತ್ಮಕಥೆ, ಜೀವನಚರಿತ್ರೆಗಳಲ್ಲಿ ಯಾವುದನ್ನು ಓದಬಹುದು ಎಂದು ಗೆಳೆಯರು ಆಗಾಗ ಕೇಳುತ್ತಾರೆ. ಕೆಲವು ಹೆಸರುಗಳಿವೆ, ಈ ಬರಹದಲ್ಲೇ ಕೊಡುತ್ತೇನೆ. ಆದರೆ ಮುಂಬಯಿಯಲ್ಲಿ ಕೂತು ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೊದಲು ಒಂದು ಜಗಳ ಆಡಿಯೇ ಮುಂದೆ ಹೋಗಬೇಕು. ಈ ಊರಿನಲ್ಲಿ ಕನ್ನಡ ಜೀವನಚರಿತ್ರೆಗಳಿಗೆ ಬರವೇನೂ ಇಲ್ಲ. ದಪ್ಪ ರಟ್ಟು, ನುಣುಪು ಕಾಗದ, ಮುಖಪುಟದಲ್ಲಿ ಪೇಟ ತೊಟ್ಟು ಶಾಲು ಹೊದ್ದ ಒಬ್ಬ ಹಿರಿಯರು, ಒಳಗೆ ನಲವತ್ತು ಜನರ ಶುಭಾಶಯ, ಕೊನೆಗೆ ಮೂವತ್ತು ಪುಟ ಬಣ್ಣದ ಫೋಟೋ. ಒಂದು ಭಾನುವಾರ ಸಂಜೆ ಸಭಾಭವನದಲ್ಲಿ ಬಿಡುಗಡೆಯಾಗುತ್ತದೆ, ಬಂದವರಿಗೆಲ್ಲ ಊಟದ ಜೊತೆ ಒಂದೊಂದು ಪ್ರತಿ ಸಿಗುತ್ತದೆ. ಮನೆಗೆ ಬಂದ ಮೇಲೆ ಅದನ್ನು ತೆರೆದವರು ಯಾರಾದರೂ ಇದ್ದರೆ ನನಗೆ ತಿಳಿಸಿ.

ನನ್ನ ತಕರಾರು ಸರಳವಾಗಿದೆ. ಒಂದು ಬದುಕಿನ ಕಥೆ ಓದಲು ಯೋಗ್ಯವಾಗುವುದು ಆ ಬದುಕಿಗೆ ಎಷ್ಟು ಬೆಲೆ ತೆತ್ತರು, ಯಾರು ತೆತ್ತರು ಎಂಬ ಲೆಕ್ಕ ಅದರಲ್ಲಿ ಇದ್ದಾಗ. ಮುಂಬಯಿ ಕನ್ನಡಿಗರ ಅಭಿನಂದನ ಸಾಹಿತ್ಯ ಅಳಿಸಿ ಹಾಕುವುದು ನೇರವಾಗಿ ಆ ಲೆಕ್ಕವನ್ನೇ. ಅದು ಬರೀ ಬೇಸರ ತರಿಸುವ ಓದಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಕರಾವಳಿಯಿಂದ, ಬಯಲುಸೀಮೆಯಿಂದ ಈ ಊರಿಗೆ ಬಂದ ಒಂದು ಇಡೀ ತಲೆಮಾರಿನ ನೆನಪಿನ ಜಾಗದಲ್ಲಿ ಅದು ಕೂತುಬಿಟ್ಟಿದೆ. ಆ ತಲೆಮಾರು ಈಗ ಎಂಬತ್ತು ದಾಟಿದೆ. ಇನ್ನು ಹತ್ತು ವರ್ಷಕ್ಕೆ ಕೇಳಲು ಯಾರೂ ಉಳಿದಿರುವುದಿಲ್ಲ.

ನಾನು ಅನುವಾದ ಮಾಡಿ ಬದುಕುವವರ ಪೈಕಿ. ಕನ್ನಡ, ಮರಾಠಿ, ಇಂಗ್ಲಿಷ್ ನಡುವೆ ಓಡಾಟ. ಓದಿದ್ದು ಭಾಷಾವಿಜ್ಞಾನ, ಹಾಗಾಗಿ ವಾಕ್ಯ ಬಿಚ್ಚಿ ನೋಡುವ ಚಾಳಿ ಹೋಗಿಲ್ಲ. ಇಂಥ ಗ್ರಂಥಗಳು ಇಂಗ್ಲಿಷಿಗೆ ಬೇಕು ಎಂದು ಕೆಲವು ಸಲ ನನ್ನ ಟೇಬಲ್ಲಿಗೂ ಬರುತ್ತವೆ. ವಿದೇಶದಲ್ಲಿರುವ ಮೊಮ್ಮಕ್ಕಳು ಓದಲಿ ಎಂಬ ಆಸೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅನುವಾದಕ್ಕೆ ಕೂತಾಗ ಒಂದು ವಿಚಿತ್ರ ಗೊತ್ತಾಗುತ್ತದೆ. ಇವುಗಳ ವಾಕ್ಯಗಳನ್ನು ಒಂದು ಪುಸ್ತಕದಿಂದ ಕಿತ್ತು ಇನ್ನೊಂದಕ್ಕೆ ಹಾಕಿದರೂ ಯಾರಿಗೂ ತಿಳಿಯುವುದಿಲ್ಲ. ಮಾದರಿಗೆ ನಾನೇ ಒಂದು ಕಟ್ಟಿ ತೋರಿಸುತ್ತೇನೆ: “ಹದಿಮೂರರ ಎಳೆಯ ಪ್ರಾಯದಲ್ಲಿ ಮಾಯಾನಗರಿ ಮುಂಬಯಿಗೆ ಪಾದಾರ್ಪಣೆ ಮಾಡಿದ ಶ್ರೀಯುತರು ಹಗಲಿರುಳೆನ್ನದೆ ಶ್ರಮಿಸಿ, ಛಲದಿಂದ ಮುನ್ನಡೆದು, ಹಿರಿಯರ ಆಶೀರ್ವಾದದಿಂದ ಇಂದು ಹೆಮ್ಮರವಾಗಿ ಬೆಳೆದು ನಿಂತಿದ್ದಾರೆ.”

ಈ ಒಂದು ವಾಕ್ಯ ಇಪ್ಪತ್ತು ವರ್ಷವನ್ನು ನುಂಗಿದೆ. ಹದಿಮೂರರ ಹುಡುಗನ ಟಿಕೆಟಿಗೆ ದುಡ್ಡು ಕೊಟ್ಟವರು ಯಾರು? ಮೊದಲ ರಾತ್ರಿ ಎಲ್ಲಿ ಮಲಗಿದ? ಹೋಟೆಲಿನ ಟೇಬಲ್ ಒರೆಸುವ ಕೆಲಸದಿಂದ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಗೆ ಬರುವಾಗ ನಡುವೆ ಏನಾಯಿತು? ಸಾಲ ಯಾರದು, ಬಡ್ಡಿ ಎಷ್ಟು, ಮೊದಲಿದ್ದ ಪಾಲುದಾರ ಎಲ್ಲಿ ಹೋದ? ಜೊತೆಗೆ ಬಂದ ಇನ್ನಿಬ್ಬರು ಹುಡುಗರು ಏನಾದರು? ಈ ಯಾವ ಪ್ರಶ್ನೆಗೂ ವಾಕ್ಯದಲ್ಲಿ ಜಾಗವಿಲ್ಲ. “ಶ್ರಮಿಸಿ”, “ಮುನ್ನಡೆದು”, “ಬೆಳೆದು” ಎಂಬ ಕ್ರಿಯಾಪದಗಳು ಸಾಲಾಗಿ ನಿಂತಿವೆ, ಒಂದರಲ್ಲೂ ಕ್ರಿಯೆ ಇಲ್ಲ. ಕಾರಣ ಹೇಳುವ ಕಡೆಯಲ್ಲೆಲ್ಲ ಛಲ, ಆಶೀರ್ವಾದ, ದೈವಕೃಪೆ ಬಂದಿವೆ, ಒಬ್ಬ ಮನುಷ್ಯನೂ ಬಂದಿಲ್ಲ. ಹೆಂಡತಿ ಬರುವುದು ಇನ್ನೂ ಇಪ್ಪತ್ತು ಪುಟದ ನಂತರ, “ನೆರಳಾಗಿ ನಿಂತ ಧರ್ಮಪತ್ನಿ” ಎಂಬ ವಿಶೇಷಣವಾಗಿ. ಆಕೆಗೆ ಒಂದು ಮಾತೂ ಇಲ್ಲ.

ಇನ್ನೊಂದು ಸೂಕ್ಷ್ಮ ನೋಡಿ. ಕನ್ನಡದಲ್ಲಿ ಕಟ್ಟುವುದು ಬೇರೆ, ಕಟ್ಟಿಸುವುದು ಬೇರೆ. ಒಂದು “ಇಸು” ಸೇರಿದರೆ ಸಾಕು, ಕೈ ಕೆಸರಾದದ್ದು ಬೇರೆಯವರದ್ದು ಎಂದು ಭಾಷೆಯೇ ಒಪ್ಪಿಕೊಳ್ಳುತ್ತದೆ. ನಮ್ಮ ಅಭಿನಂದನ ಗ್ರಂಥಗಳಲ್ಲಿ ಈ “ಇಸು” ಮಾಯವಾಗುತ್ತದೆ. ಶ್ರೀಯುತರು ಶಾಲೆ ಕಟ್ಟಿದರು, ಭವನ ಕಟ್ಟಿದರು, ಸಂಸ್ಥೆ ಕಟ್ಟಿದರು. ಗಾರೆ ಹೊತ್ತವರು ಯಾವ ತಾಲೂಕಿನವರು ಎಂದು ಕೇಳಬೇಡಿ.

ಹೊಗಳಿಕೆ ನಮ್ಮ ಪರಂಪರೆ ಎಂದು ಸಮರ್ಥಿಸುವವರಿದ್ದಾರೆ. ಸರಿ, ಪರಂಪರೆಗೇ ಹೋಗೋಣ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳನ್ನು ತೆಗೆದು ನೋಡಿ. ಮೊದಲು ರಾಜನ ಬಿರುದುಗಳ ಮಳೆ ಸುರಿಯುತ್ತದೆ, ನಿಜ. ಆದರೆ ಬಿರುದು ಮುಗಿದ ಕೂಡಲೇ ಶಾಸನ ಕೆಲಸಕ್ಕೆ ಇಳಿಯುತ್ತದೆ: ಎಷ್ಟು ಮತ್ತರು ಭೂಮಿ, ಪೂರ್ವಕ್ಕೆ ಯಾವ ಗಡಿ, ತೆಂಕಣಕ್ಕೆ ಯಾರ ತೋಟ, ದೀಪಕ್ಕೆ ಎಷ್ಟು ಎಣ್ಣೆ, ಸಾಕ್ಷಿ ಯಾರು. ಕೆರೆಯ ಬಗ್ಗೆ “ಕಟ್ಟಿಸಿದ” ಎಂದೇ ಇರುತ್ತದೆ. ಎಷ್ಟೋ ಶಾಸನಗಳ ಕೊನೆಯಲ್ಲಿ ಪಾಠ ಬರೆದ ಕವಿಯ ಹೆಸರು, ಕಲ್ಲು ಕೊರೆದ ರೂವಾರಿಯ ಹೆಸರು ಕೂಡ ಇರುತ್ತದೆ. ಸಾವಿರ ವರ್ಷದ ಹಿಂದಿನ ಹೊಗಳುಭಟರು ನಮಗಿಂತ ಪ್ರಾಮಾಣಿಕರಾಗಿದ್ದರು. ಆಧುನಿಕ ಕಾಲದಲ್ಲೂ ಗೌರವ ಗ್ರಂಥ ಎಂದರೆ ಹೀಗೇ ಇರಬೇಕೆಂದೇನಿಲ್ಲ. ಬಿ.ಎಂ.ಶ್ರೀ. ಅವರಿಗೆ 1941ರಲ್ಲಿ ಅರ್ಪಿಸಿದ ‘ಸಂಭಾವನೆ’ ವಿದ್ವಾಂಸರ ಬರಹಗಳ ಗ್ರಂಥ. ಗುರುವಿಗೆ ಮರ್ಯಾದೆ ಸಲ್ಲಿಸುವುದೆಂದರೆ ಅವರ ಕ್ಷೇತ್ರದಲ್ಲಿ ಒಳ್ಳೆಯ ಕೆಲಸ ಮಾಡಿ ತೋರಿಸುವುದು ಎಂದು ಆ ಕಾಲ ತಿಳಿದಿತ್ತು.

ಈಗ ಮುಂಬಯಿಯ ವಿಷಯ. ಇಲ್ಲಿ ಒಂದು ವಿರೋಧಾಭಾಸ ನನ್ನನ್ನು ಬಹಳ ದಿನದಿಂದ ಕಾಡಿದೆ. ಈ ಊರಿನ ಕನ್ನಡ ಕಥನ ಸಾಹಿತ್ಯ ಅಸಾಧಾರಣವಾದದ್ದು. ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಂಪನಿಯೊಂದರ ಒಳಗಿನ ಭಯವನ್ನು ಕನ್ನಡಕ್ಕೆ ತಂದಿತು. ವ್ಯಾಸರಾಯ ಬಲ್ಲಾಳರು ಕಾರ್ಮಿಕ ಹೋರಾಟದ ಮುಂಬಯಿಯನ್ನು ‘ಬಂಡಾಯ’ದಲ್ಲಿ ಬರೆದರು, ಅದಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಆಗಿ 2018ರ ಡಿಎಸ್‌ಸಿ ಪ್ರಶಸ್ತಿ ಪಡೆದವು. ಅಂದರೆ ಕಲ್ಪಿತ ಮನುಷ್ಯರ ಬಗ್ಗೆ ಬರೆಯುವಾಗ ಮುಂಬಯಿ ಕನ್ನಡ ಲೇಖಕ ಚಾಳಿನ ಖೋಲಿಗೆ ಹೋದ, ಲೋಕಲ್ಲಿನಲ್ಲಿ ನಿಂತ, ಹೋಟೆಲ್ ಮಾಣಿಯ ಮುಖ ನೋಡಿದ. ನಿಜವಾದ ಮನುಷ್ಯರ ಬಗ್ಗೆ ಬರೆಯುವಾಗ ಮಾತ್ರ ನಾವು ವೇದಿಕೆ ಬಿಟ್ಟು ಕೆಳಗೆ ಇಳಿಯುವುದೇ ಅಪರೂಪ. ಕಥೆಯಲ್ಲಿ ಮಾಣಿ ಇದ್ದಾನೆ, ಚರಿತ್ರೆಯಲ್ಲಿ ಬರೀ ಅಧ್ಯಕ್ಷರು.

ಹೊರತು ಇಲ್ಲವೆಂದಲ್ಲ. ‘ಗಾನ್ ವಿತ್ ದ ವಿಂಡ್’ ಕಾದಂಬರಿಯನ್ನು ಕನ್ನಡಕ್ಕೆ ತಂದ ಮುಂಬಯಿಯ ಶ್ಯಾಮಲಾ ಮಾಧವ ತಮ್ಮ ಬದುಕನ್ನು ‘ನಾಳೆ ಇನ್ನೂ ಕಾದಿದೆ’ ಎಂದು ಬರೆದಿದ್ದಾರೆ. ಒಬ್ಬ ಹೆಣ್ಣುಮಗಳು, ಅದೂ ಅನುವಾದಕಿ, ಯಾರ ನೆರಳಾಗಿಯೂ ನಿಲ್ಲದೆ ತನ್ನ ಕಥೆಗೆ ತಾನೇ ಕರ್ತೃವಾಗುವುದು ನಮ್ಮ ಕಪಾಟಿನಲ್ಲಿ ಸಣ್ಣ ಸಂಗತಿಯಲ್ಲ. ಆದರೆ ಅಂಥ ಪುಸ್ತಕ ಬರೆದವರು ಮೊದಲೇ ಬರೆಯಬಲ್ಲವರು. ನಾನು ಕೇಳುತ್ತಿರುವುದು ಬರೆಯದವರ ಬಗ್ಗೆ.

ಕಳೆದ ವರ್ಷಗಳಲ್ಲಿ ಬಂದ ಜೀವನಚರಿತ್ರೆಗಳಲ್ಲಿ ಮುಂಬಯಿ ಕನ್ನಡಿಗರು ಓದಲೇಬೇಕಾದದ್ದು ಯಾವುದು ಎಂದರೆ ನಾನು ಮೊದಲು ಹೇಳುವುದು ರಾಹುಲ್ ರಾಮಗುಂಡಂ ಅವರ ‘ದ ಲೈಫ್ ಅಂಡ್ ಟೈಮ್ಸ್ ಆಫ್ ಜಾರ್ಜ್ ಫರ್ನಾಂಡಿಸ್’. 2022ರಲ್ಲಿ ಬಂತು, ಇಂಗ್ಲಿಷ್‌ನಲ್ಲಿ. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಹುಡುಗ ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಹೋದ. ಗುರುಗಳಿಗೆ ಎತ್ತರದ ಮೇಜು, ಒಳ್ಳೆಯ ಊಟ. ಹುಡುಗರಿಗೆ ಬೇರೆ ಮೇಜು, ಬೇರೆ ಊಟ. ಅದನ್ನು ನೋಡಿ ಬಿಟ್ಟು ಬಂದ. 1949ರಲ್ಲಿ ಮುಂಬಯಿಗೆ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದ, ಪತ್ರಿಕೆಯೊಂದರಲ್ಲಿ ಕರಡು ತಿದ್ದಿದ. ಪ್ಲಾಸಿಡ್ ಡಿಮೆಲ್ಲೊ ಅವರ ಹಿಂದೆ ಬಂದರು ಕಾರ್ಮಿಕರ ನಡುವೆ ಓಡಾಡಿದ. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದ, 1974ರಲ್ಲಿ ದೇಶದ ರೈಲು ನಿಲ್ಲಿಸಿದ.

ಇದರಲ್ಲಿ ನಮಗೆ ಬೇಕಾದ ಒಂದು ಎಳೆ ಇದೆ. ಐವತ್ತರ ದಶಕದಲ್ಲಿ ಜಾರ್ಜ್ ಸಂಘಟಿಸಿದವರಲ್ಲಿ ಮುಂಬಯಿಯ ಹೋಟೆಲ್ ಕಾರ್ಮಿಕರೂ ಇದ್ದರು. ಆ ಹೋಟೆಲುಗಳು ಯಾರವು, ಆ ಕಾರ್ಮಿಕರು ಯಾರು ಎಂದು ನಾನು ಹೇಳಬೇಕೇ? ಮಾಟುಂಗಾ ಸ್ಟೇಷನ್ ಎದುರು ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದ್ದು ನಮಗೆಲ್ಲ ಬಾಯಿಪಾಠ. ಅದೇ ಕಾಲದ ನೂರಾರು ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರು ಒಂದು ದಿನ ಯೂನಿಯನ್ ಕಾರ್ಡು ತೆಗೆದುಕೊಂಡದ್ದು ಯಾರಿಗಾದರೂ ನೆನಪಿದೆಯೇ? ಧಣಿಗಳೂ ಕೆಲಸಗಾರರೂ ಒಂದೇ ಕರಾವಳಿಯವರು, ಎಷ್ಟೋ ಸಲ ಒಂದೇ ಊರಿನವರು, ಒಮ್ಮೊಮ್ಮೆ ಸಂಬಂಧಿಕರು. ಆ ಮುಷ್ಕರದ ರಾತ್ರಿ ಮನೆಯೊಳಗೆ ಏನು ಮಾತಾಯಿತು? ಊರ ಜಾತ್ರೆಯಲ್ಲಿ ಮತ್ತೆ ಮುಖ ನೋಡಿದಾಗ ಏನಾಯಿತು? ನಾನು ಓದಿದ ಹೋಟೆಲ್ ಉದ್ಯಮಿಗಳ ಅಭಿನಂದನ ಗ್ರಂಥಗಳಲ್ಲಿ ಯೂನಿಯನ್ ಎಂಬ ಶಬ್ದ ಕಂಡಿಲ್ಲ. “ಕಾರ್ಮಿಕರನ್ನು ಮಕ್ಕಳಂತೆ ನೋಡಿಕೊಂಡರು” ಎಂಬ ವಾಕ್ಯ ಮಾತ್ರ ಎಲ್ಲದರಲ್ಲೂ ಇದೆ. ಮಕ್ಕಳಿಗೆ ಸಂಬಳ ಕೊಡುವ ಪದ್ಧತಿ ಇಲ್ಲವಲ್ಲ, ಅದಕ್ಕಾಗಿ ಇರಬಹುದು.

ಕುರ್ಲಾದಲ್ಲಿ ನನಗೆ ಪರಿಚಯದ ಒಬ್ಬ ಹಿರಿಯರಿದ್ದಾರೆ, ಕುಂದಾಪುರದ ಕಡೆಯವರು, ನಲವತ್ತು ವರ್ಷ ಹೋಟೆಲಿನಲ್ಲಿ ದುಡಿದವರು. ಒಂದು ಅನುವಾದದ ಕೆಲಸದ ನಡುವೆ ಹಳೆಯ ಹೋಟೆಲ್ ಮಾತುಗಳು ಬೇಕಾಗಿ ಅವರ ಹತ್ತಿರ ಹೋಗಿದ್ದೆ. ಮಾತಿನ ಮಧ್ಯೆ, “ಮೊದಲು ಬಂದಾಗ ಸಂಬಳ ಎಷ್ಟಿತ್ತು, ಮಾವ?” ಎಂದು ಕೇಳಿದೆ. ಅವರು ನಕ್ಕರು. “ಸಂಬಳ ಎಂತದ್ದು ಮಾರಾಯ್ರೆ, ಎರಡು ವರ್ಷ ಊಟವೇ ಸಂಬಳ. ಮೂರನೇ ವರ್ಷ ಕೊಡ್ತೇನೆ ಅಂದ್ರು, ಅದನ್ನೂ ಊರಿಗೆ ನಮ್ಮ ಅಪ್ಪಯ್ಯನ ಸಾಲಕ್ಕೆ ಹಿಡ್ಕೊಂಡ್ರು.” ಆಮೇಲೆ ತುಸು ತಡೆದು ಹೇಳಿದರು: “ಇದನ್ನೆಲ್ಲ ಯಾರೂ ಕೇಳಲೇ ಇಲ್ಲ ಕಾಣಿ.” ಅವರ ಸಂಘದ ಸ್ಮರಣ ಸಂಚಿಕೆಯಲ್ಲಿ ಅವರ ಹೆಸರು ಇದೆ. ಊಟೋಪಚಾರಕ್ಕೆ ಸಹಕರಿಸಿದವರ ಪಟ್ಟಿಯಲ್ಲಿ.

ಈ ಮಾತಿನಲ್ಲಿರುವ ಅರ್ಥಶಾಸ್ತ್ರ ನೋಡಿ. ಅಪ್ಪನ ಸಾಲಕ್ಕೆ ಮಗನ ದುಡಿಮೆ, ಊರಿನ ಗೇಣಿ ಮತ್ತು ಮುಂಬಯಿಯ ಅಡುಗೆಮನೆ ಒಂದೇ ಹಗ್ಗದಲ್ಲಿ ಕಟ್ಟಿಕೊಂಡಿರುವುದು, ಮೂರು ವಾಕ್ಯದಲ್ಲಿ. ಇದನ್ನು ಇಂಗ್ಲಿಷಿಗೆ, ಮರಾಠಿಗೆ ತರಲು ನಾನು ದುಡ್ಡು ಕೇಳುವುದೂ ಇಲ್ಲ. ಆದರೆ ತರಲು ಪುಸ್ತಕ ಇರಬೇಕಲ್ಲ!

ಪಕ್ಕದ ಮನೆಯ ಮರಾಠಿಯಲ್ಲಿ ಏನಾಯಿತು ನೋಡಿ. ದಯಾ ಪವಾರರ ‘ಬಲುತಂ’ 1978ರಲ್ಲಿ ಬಂತು. ಬಲುತಂ ಎಂದರೆ ಊರಿನ ಚಾಕರಿ ಮಾಡಿದವರಿಗೆ ಸುಗ್ಗಿಯಲ್ಲಿ ಕೊಡುತ್ತಿದ್ದ ಧಾನ್ಯದ ಪಾಲು. ಶೀರ್ಷಿಕೆಯೇ ಒಂದು ಸಂಬಳದ ಲೆಕ್ಕ. ಅದರಲ್ಲಿ ಮುಂಬಯಿಯ ಕಾವಾಖಾನಾ ಇದೆ, ಅಲ್ಲಿನ ಒಂದೊಂದು ಖೋಲಿಯಲ್ಲಿ ಎಷ್ಟು ಜನ ಬದುಕುತ್ತಿದ್ದರು ಎಂಬುದಿದೆ, ತನ್ನವರ ಒಳಗಿನ ಕ್ರೌರ್ಯವೂ ಇದೆ. ದಗಡು ಎಂಬ ಹಳೆಯ ಹೆಸರಿನವನೂ ದಯಾ ಪವಾರ ಎಂಬ ಓದಿದವನೂ ಎದುರುಬದುರು ಕೂತು ಮಾತಾಡುವ ಕಥೆ ಅದು. ಒಬ್ಬನೇ ಮನುಷ್ಯ ತನ್ನನ್ನು ತಾನು ಪ್ರಶ್ನೆ ಕೇಳಿಕೊಳ್ಳುತ್ತಾನೆ. ಜೆರ್ರಿ ಪಿಂಟೊ 2015ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಊರ್ಮಿಳಾ ಪವಾರರ ‘ಆಯದಾನ’ (2003) ಕೊಂಕಣದಲ್ಲಿ ಬುಟ್ಟಿ ಹೆಣೆಯುತ್ತಿದ್ದ ತಾಯಿಯಿಂದ ಮುಂಬಯಿಯ ಸಭೆಗಳವರೆಗೆ ಬರುತ್ತದೆ; ಮಾಯಾ ಪಂಡಿತ್ ಅವರ ಇಂಗ್ಲಿಷ್ ಅನುವಾದ 2008ರದ್ದು. ಗಿರಣಿ ಕೇರಿಯ ಬಗ್ಗೆ ಮೀನಾ ಮೆನನ್, ನೀರಾ ಆಡಾರಕರ ಇಬ್ಬರೂ ಕೂಡಿ ‘ಒನ್ ಹಂಡ್ರೆಡ್ ಇಯರ್ಸ್, ಒನ್ ಹಂಡ್ರೆಡ್ ವಾಯ್ಸಸ್’ ಎಂಬ ಮೌಖಿಕ ಇತಿಹಾಸ ತಂದರು, 2004ರಲ್ಲಿ. 1982ರ ಜನವರಿಯಲ್ಲಿ ಶುರುವಾದ ಮುಷ್ಕರದಲ್ಲಿ ಸೋತವರು ಅದರಲ್ಲಿ ತಮ್ಮ ಬಾಯಲ್ಲೇ ಮಾತಾಡುತ್ತಾರೆ. ನಮ್ಮದೇ ನೀರು ಕುಡಿದ, ನಮ್ಮದೇ ಲೋಕಲ್ಲಿನಲ್ಲಿ ಓಡಾಡಿದ ಜನ. ಅವರ ನೆನಪು ಪುಸ್ತಕವಾಯಿತು, ನಮ್ಮದು ಸ್ಮರಣ ಸಂಚಿಕೆಯಾಯಿತು.

ಕನ್ನಡದಲ್ಲಿ ಇದನ್ನು ಮಾಡಲು ಬರುವುದಿಲ್ಲ ಎಂದು ಹೇಳುವ ಹಾಗೂ ಇಲ್ಲ. ಕನ್ನಡದ ಆತ್ಮಕಥೆಯ ದಾರಿ ಬಹಳ ಗಟ್ಟಿಯಾದದ್ದು. ಶಿವರಾಮ ಕಾರಂತರು 1948ರಲ್ಲೇ ತಮ್ಮ ಬದುಕಿಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟರು. ಇವತ್ತಿನ ಯಾವ ಸನ್ಮಾನ ಸಮಿತಿ ಆ ಶೀರ್ಷಿಕೆಗೆ ಒಪ್ಪುತ್ತಿತ್ತು? ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರು ಕೇರಿ’ ಬಂದು ಮೂವತ್ತು ವರ್ಷವಾಯಿತು. ಇನ್ನು ಹೊಸದರಲ್ಲಿ ಓದಲೇಬೇಕಾದವು ಮೂರು ಹೇಳುತ್ತೇನೆ, ಮೂರಕ್ಕೂ ಒಂದೊಂದು ಕಾರಣ ಇದೆ.

ಮೊದಲನೆಯದು ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ (2011). ಇಂಗ್ಲಿಷಿನಲ್ಲಿ ‘ದಿಸ್ ಲೈಫ್ ಅಟ್ ಪ್ಲೇ’ ಆಗಿ 2021ರಲ್ಲಿ ಬಂದ ಮೇಲೆ ಹೊಸ ಓದುಗರನ್ನು ಪಡೆದ ಪುಸ್ತಕ. ದೊಡ್ಡ ಮನುಷ್ಯರ ಆತ್ಮಕಥೆ ಹೀಗೂ ಇರಬಹುದು ಎಂದು ತೋರಿಸಲು ಇದು ಬೇಕು. ಪುಸ್ತಕ ಶುರುವಾಗುವುದೇ ತಾನು ಹುಟ್ಟದೇ ಹೋಗಬಹುದಾಗಿದ್ದ ಒಂದು ದಿನದಿಂದ. ಗರ್ಭಪಾತಕ್ಕೆಂದು ಹೋದ ತಾಯಿ ಕಾದು ಕೂತಾಗ ಡಾಕ್ಟರು ಬರಲಿಲ್ಲ. ಆ ಡಾಕ್ಟರಿಗೇ ಕಾರ್ನಾಡರು ಪುಸ್ತಕವನ್ನು ಅರ್ಪಿಸಿದರು. ಚಿಕ್ಕ ಮಗುವಿದ್ದ ಯುವ ವಿಧವೆಯಾಗಿ ನರ್ಸ್ ತರಬೇತಿಗೆ ಬಂದ ತಾಯಿ, ಮದುವೆಗೆ ವರ್ಷಗಟ್ಟಲೆ ಕಾಯಬೇಕಾದದ್ದು, ಎಲ್ಲವೂ ಅದರಲ್ಲಿದೆ. ಇದನ್ನು ಹೇಳಿದ್ದರಿಂದ ಕಾರ್ನಾಡರ ಮಾನ ಹೋಯಿತೇ? ತಾಯಿಯ ಮಾನ ಹೋಯಿತೇ? ಓದಿದವರಿಗೆ ಆ ತಾಯಿಯ ಮೇಲೆ ಹುಟ್ಟುವ ಗೌರವ “ಧರ್ಮಪತ್ನಿ, ಮಾತೃಸ್ವರೂಪಿ” ಎಂದು ಇನ್ನೂರು ಸಲ ಬರೆದರೂ ಹುಟ್ಟುವುದಿಲ್ಲ.

ಎರಡನೆಯದು ಡಾ. ವಿಜಯಾ ಅವರ ‘ಕುದಿ ಎಸರು’, 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಮದುವೆಯೊಳಗಿನ ಹಿಂಸೆ, ಅದರಿಂದ ಹೊರಬಿದ್ದು ಪತ್ರಿಕೆ, ರಂಗಭೂಮಿಯಲ್ಲಿ ತನ್ನ ಅನ್ನ ತಾನು ದುಡಿದುಕೊಂಡದ್ದು. ಕೆಲಸ ಎಂದರೇನು, ಸ್ವಂತ ದುಡ್ಡು ಎಂದರೇನು ಎಂದು ತಿಳಿಯಲು ಓದಬೇಕು. “ನೆರಳಾಗಿ ನಿಂತ” ಎಂಬ ನುಡಿಗಟ್ಟನ್ನು ಬರೆಯುವ ಮೊದಲು ನಮ್ಮ ಲೇಖಕರೆಲ್ಲ ಈ ಪುಸ್ತಕ ಓದಿ ಮುಗಿಸಿರಬೇಕು ಎಂದು ಒಂದು ನಿಯಮವನ್ನೇ ಮಾಡಬಹುದು.

ಮೂರನೆಯದು ಮಂಜಮ್ಮ ಜೋಗತಿಯವರ ‘ನಡುವೆ ಸುಳಿವ ಹೆಣ್ಣು’. ಹೇಳಿದವರು ಮಂಜಮ್ಮ, ಕೇಳಿ ಬರೆದವರು ಅರುಣ್ ಜೋಳದಕೂಡ್ಲಿಗಿ. ನನಗೆ ಇದರಲ್ಲಿ ಮುಖ್ಯವಾದದ್ದು ಆ “ಕೇಳಿ ಬರೆದ” ಎಂಬ ವಿಧಾನ. ಇದೇನೂ ಹೊಸತಲ್ಲ. ಗಂಗೂಬಾಯಿ ಹಾನಗಲ್ ತಮ್ಮ ‘ನನ್ನ ಬದುಕಿನ ಹಾಡು’ ಹೇಳಿದರು, ಎನ್ಕೆ ಕುಲಕರ್ಣಿ ಬರೆದುಕೊಂಡರು. ಬಿ.ವಿ. ಕಾರಂತರು ಹೇಳಿದ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಬರೆದವರು ವೈದೇಹಿ. ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಆಗಿ ಕನ್ನಡದ ರಂಗದ ಮೇಲೂ ಬಂತು. ಹೇಳುವವರಿಗೆ ಬರೆಯಲು ಬಾರದಿದ್ದರೂ, ಪುರಸೊತ್ತು ಇಲ್ಲದಿದ್ದರೂ, ಕನ್ನಡ ಅವರ ಮನೆಮಾತಲ್ಲದಿದ್ದರೂ ಪುಸ್ತಕ ಆಗುತ್ತದೆ. ಬೇಕಾದದ್ದು ಇಷ್ಟೇ: ಇನ್ನೊಬ್ಬರು ಎದುರು ಕೂತು, ತಮ್ಮ ಬಾಯಿ ಮುಚ್ಚಿಕೊಂಡು, ತಿಂಗಳುಗಟ್ಟಲೆ ಕೇಳಬೇಕು.

ಇಲ್ಲಿಗೆ ಬಂದಾಗ ನನಗೆ ಸಿಗುವ ಉತ್ತರಗಳು ಗೊತ್ತಿವೆ. ಮೊದಲನೆಯದು: “ಹಿರಿಯರನ್ನು ಬದುಕಿದ್ದಾಗಲೇ ಗೌರವಿಸಬೇಡವೇ?” ಖಂಡಿತ ಗೌರವಿಸಿ. ಶಾಲು ಹೊದಿಸಿ, ಹಾರ ಹಾಕಿ, ಊಟ ಹಾಕಿಸಿ. ಊರು ಬಿಟ್ಟು ಬಂದವರಿಗೆ ತಮ್ಮವರ ಮುಂದೆ ಒಂದು ಸಂಜೆ ನಿಲ್ಲುವ ಆಸೆ ಸಹಜ, ಅದನ್ನು ನಾನು ಗೇಲಿ ಮಾಡುವುದಿಲ್ಲ. ಈ ಸಂಘಗಳೇ ರಾತ್ರಿ ಶಾಲೆ ನಡೆಸಿದವು, ಹಗಲು ಲೋಟ ತೊಳೆದ ಹುಡುಗರಿಗೆ ರಾತ್ರಿ ಅಕ್ಷರ ಕೊಟ್ಟವು. ಆ ಋಣ ದೊಡ್ಡದು. ಆದರೆ ಅದೇ ಕಾರಣಕ್ಕೆ ಕೇಳುತ್ತೇನೆ: ಆ ರಾತ್ರಿ ಶಾಲೆಗಳ ಮಾಸ್ತರರ ಬದುಕು ಎಲ್ಲಿದೆ? ಬ್ಯಾಂಕಿನ, ಆಫೀಸಿನ ಕೆಲಸ ಮುಗಿಸಿ ಬಂದು ಪಾಠ ಹೇಳಿ, ಕೊನೆಯ ಲೋಕಲ್ ಹಿಡಿದು ಮನೆಗೆ ಹೋದವರು. ಅವರಿಗೆ ಕಟ್ಟಡಕ್ಕೆ ದೇಣಿಗೆ ಕೊಡುವಷ್ಟು ಆಸ್ತಿ ಆಗಲಿಲ್ಲ, ಆದ್ದರಿಂದ ಗ್ರಂಥವೂ ಆಗಲಿಲ್ಲ.

ಎರಡನೆಯದು: “ಮನೆಯ ಕಷ್ಟ ಬೀದಿಗೆ ಹಾಕಿದರೆ ಮರ್ಯಾದೆ ಏನಾಗಬೇಕು?” ಈ ಮಾತಿನಲ್ಲಿ ಸತ್ಯವಿದೆ. ಬದುಕಿರುವವರ ಗುಟ್ಟು ಅವರದ್ದು. ಹೇಳುವವರು ಬೇಡ ಎಂದ ಕಡೆ ಟೇಪ್ ನಿಲ್ಲಬೇಕು, ಮುದ್ರಿಸುವ ಮೊದಲು ಅವರಿಗೆ ಓದಿ ಹೇಳಬೇಕು. ಆದರೆ ತಿಂಗಳಿಗೆ ಎಷ್ಟು ರೂಪಾಯಿ ಮನಿಯಾರ್ಡರ್ ಮಾಡುತ್ತಿದ್ದೆ ಎಂಬುದು ಗುಟ್ಟಲ್ಲ. ಒಂದು ಖೋಲಿಯಲ್ಲಿ ಹದಿನೈದು ಜನ ಪಾಳಿಯಲ್ಲಿ ಮಲಗುತ್ತಿದ್ದೆವು ಎಂಬುದು ಅವಮಾನವಲ್ಲ. ಒಂದು ಹಸ್ತಪ್ರತಿಯಲ್ಲಿ ಇಂಥದೊಂದು ಸಾಲು ಅಪರೂಪಕ್ಕೆ ಇತ್ತು, “ಲೋಟ ತೊಳೆದರು” ಎಂದು. ಇಂಗ್ಲಿಷಿಗೆ ತರುವಾಗ ಅದನ್ನು ತೆಗೆದುಬಿಡಿ, ಬೀಗರು ಓದುತ್ತಾರೆ ಎಂದರು ಮನೆಯವರು. ಲೋಟ ತೊಳೆದದ್ದರಲ್ಲಿ ನಾಚಿಕೆ ಪಡುವಂಥದ್ದು ಇದ್ದರೆ ಅದು ತೊಳೆದವನದ್ದಲ್ಲ, ಎರಡು ವರ್ಷ ಸಂಬಳ ಕೊಡದೆ ತೊಳೆಸಿದವನದ್ದು. ಮತ್ತೆ ನೋಡಿ, ಅದೇ “ಇಸು”.

ಮೂರನೆಯದು: “ಮಾಣಿಯ ಕಥೆ ಯಾರು ಓದುತ್ತಾರೆ?” ಮೇಲೆ ಹೇಳಿದ ಪುಸ್ತಕಗಳನ್ನು ಯಾರು ಓದಿದರೋ ಅವರೇ. ಕುದಿ ಎಸರಿಗೆ ಅಕಾಡೆಮಿ ಪ್ರಶಸ್ತಿ ಬಂತು, ಮಂಜಮ್ಮನವರ ಬದುಕು ಇಂಗ್ಲಿಷಿಗೂ ಹೋಯ್ತು, ಬಲುತಂ ನಾಲ್ಕು ದಶಕದ ನಂತರವೂ ಅಂಗಡಿಯಲ್ಲಿ ಸಿಗುತ್ತದೆ. ಓದುಗರಿಲ್ಲದೆ ಗೋಡೌನಿನಲ್ಲಿ ಕಟ್ಟು ಕಟ್ಟಾಗಿ ಬಿದ್ದಿರುವುದು ಆರ್ಟ್ ಪೇಪರಿನ ಗ್ರಂಥಗಳೇ ಹೊರತು ಇವಲ್ಲ.

ಇನ್ನು ನಮ್ಮ ಪಟ್ಟಿಯಲ್ಲೇ ಇಲ್ಲದವರಿದ್ದಾರೆ. ಮುಂಬಯಿ ಕನ್ನಡಿಗ ಎಂದರೆ ಕರಾವಳಿಯವರು ಎಂದು ನಾವೇ ತೀರ್ಮಾನಿಸಿಕೊಂಡಿದ್ದೇವೆ. ಬೆಳಿಗ್ಗೆ ಎಂಟಕ್ಕೆ ಯಾವುದೇ ಉಪನಗರದ ಕೂಲಿ ನಾಕಾದಲ್ಲಿ ನಿಂತು ಕಿವಿಗೊಡಿ. ವಿಜಯಪುರದ, ಕಲಬುರಗಿಯ ಕನ್ನಡ ಕೇಳುತ್ತದೆ. ಗಾರೆ ಕೆಲಸಕ್ಕೆ ಕಾದು ನಿಂತ ಗಂಡ ಹೆಂಡತಿ, ಪಕ್ಕದಲ್ಲಿ ಬುತ್ತಿ. ನಮ್ಮ ಭವನಗಳಿಗೆ “ಇಸು” ಒದಗಿಸಿದವರು ಇವರೇ. ಬೆಳಗಾವಿ ಕಡೆಯಿಂದ ದೇವದಾಸಿ ಪದ್ಧತಿಯ ದಾರಿಯಲ್ಲಿ ಕಾಮಾಠಿಪುರಕ್ಕೆ ಬಂದು ಸೇರಿದ ಹೆಂಗಸರ ಮಾತೂ ಕನ್ನಡವೇ. ಮಹಾನಗರ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿದ ಇವರ ಮಕ್ಕಳು ಈಗ ಮರಾಠಿ, ಹಿಂದಿಯಲ್ಲಿ ಕನಸು ಕಾಣುತ್ತಾರೆ. ಯಾವ ಸಂಘದ ಯಾವ ಸ್ಮರಣ ಸಂಚಿಕೆಯಲ್ಲಿ ಇವರಿಗೆ ಒಂದು ಪುಟ ಕೊಟ್ಟಿದ್ದೇವೆ?

ಬೈದು ಕೈತೊಳೆದುಕೊಳ್ಳುವುದು ನನಗೆ ಬೇಕಿಲ್ಲ, ಆದ್ದರಿಂದ ಏನು ಮಾಡಬೇಕೆಂದು ನೇರವಾಗಿ ಹೇಳುತ್ತೇನೆ. ನಿಮ್ಮ ಸಂಘ ಮುಂದಿನ ವರ್ಷ ಒಂದು ಅಭಿನಂದನ ಗ್ರಂಥ ತರಲು ಹೊರಟಿದ್ದರೆ ಅದರ ಬಣ್ಣದ ಫೋಟೋ ಪುಟಗಳನ್ನು ಕೈಬಿಡಿ. ಆ ದುಡ್ಡಿನಲ್ಲಿ ಓದಿದ ಇಬ್ಬರು ಹುಡುಗ ಹುಡುಗಿಯರಿಗೆ ಆರು ತಿಂಗಳ ಸಂಬಳ ಕೊಡಿ. ಸಂಬಳ, ಗೌರವಧನ ಅಲ್ಲ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ಇದೆ, ಕೆಲಸ ಬಲ್ಲ ವಿದ್ಯಾರ್ಥಿಗಳು ಅಲ್ಲಿ ಸಿಗುತ್ತಾರೆ. ಅವರ ಕೈಗೆ ಎಂಬತ್ತು ದಾಟಿದ ಇಪ್ಪತ್ತು ಜನರ ವಿಳಾಸ ಕೊಡಿ: ಅಡುಗೆ ಭಟ್ಟರು, ಮಾಣಿಗಳು, ರಾತ್ರಿ ಶಾಲೆಯ ಮಾಸ್ತರರು, ಟ್ಯಾಕ್ಸಿ ಓಡಿಸಿದವರು, ಊರಿನಲ್ಲೇ ಉಳಿದು ಮನಿಯಾರ್ಡರಿಗೆ ಕಾದ ಹೆಂಡತಿಯರು. ಫೋನಿನಲ್ಲೇ ಧ್ವನಿ ಮುದ್ರಿಸಬಹುದು.

ಕೇಳಬೇಕಾದ ಪ್ರಶ್ನೆಗಳೂ ಸಾಮಾನ್ಯವಾದವೇ. ಟಿಕೆಟಿಗೆ ದುಡ್ಡು ಯಾರು ಕೊಟ್ಟರು? 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗುವ ಮೊದಲು ಹೇಗೆ ಬಂದಿರಿ, ಎಷ್ಟು ದಿನ ಹಿಡಿಯಿತು? ಮೊದಲ ಸಂಬಳ ಎಷ್ಟು, ಅದರಲ್ಲಿ ಊರಿಗೆ ಎಷ್ಟು? ಯಾರು ಹೊಡೆದರು, ಯಾರು ಊಟ ಹಾಕಿದರು? ಯಾವ ಜಾತಿಯವರಿಗೆ ಅಡುಗೆಮನೆ, ಯಾವ ಜಾತಿಯವರಿಗೆ ಲೋಟ ತೊಳೆಯುವ ಮೋರಿ? ಜೊತೆಗೆ ಬಂದವರಲ್ಲಿ ವಾಪಸು ಹೋದವರು ಯಾರು, ಸತ್ತವರು ಯಾರು? ಬರೆದುಕೊಳ್ಳುವಾಗ ಅವರ ತುಳು, ಕುಂದಗನ್ನಡ, ವಿಜಯಪುರದ ಕನ್ನಡವನ್ನು ದಯವಿಟ್ಟು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. “ಖೋಲಿ”, “ಪಗಡಿ”, “ಧಂದೆ” ಎಂದರೆ ಹಾಗೇ ಇರಲಿ. “ಊಟವೇ ಸಂಬಳ ಮಾರಾಯ್ರೆ” ಎಂಬುದನ್ನು “ಆರಂಭದಲ್ಲಿ ವೇತನರಹಿತವಾಗಿ ಸೇವೆ ಸಲ್ಲಿಸಿದರು” ಎಂದು ಬರೆದ ಕ್ಷಣ ಆ ಮನುಷ್ಯ ಪುಸ್ತಕದಿಂದ ಎದ್ದು ಹೋಗುತ್ತಾನೆ, ಅವನ ಜಾಗದಲ್ಲಿ ಶ್ರೀಯುತರು ಬಂದು ಕೂರುತ್ತಾರೆ.

ಉದ್ಯಮಿಗಳ ಬದುಕನ್ನು ಬರೆಯಬಾರದೆಂದು ನಾನು ಹೇಳುತ್ತಿಲ್ಲ. ಅವರ ಬದುಕಿನಲ್ಲೂ ಒಳ್ಳೆಯ ಪುಸ್ತಕಗಳಿವೆ, ನಡುವೆ ಮುಳುಗಿದ ಹೋಟೆಲು, ಮೋಸ ಮಾಡಿದ ಪಾಲುದಾರ, ಪಗಡಿಯ ಜಗಳ, ಮುಷ್ಕರದ ರಾತ್ರಿ, ಎಲ್ಲವೂ ಇವೆ. ಹಾಗೆ ಬರೆಯಲು ಒಪ್ಪುವ ಒಬ್ಬ ಹೋಟೆಲ್ ಧಣಿ ಸಿಕ್ಕಿದರೂ ಸಾಕು, ಅವರ ಪುಸ್ತಕವನ್ನು ಮರಾಠಿಗೂ ಇಂಗ್ಲಿಷಿಗೂ ನಾನೇ ತರುತ್ತೇನೆ, ಪುಟಕ್ಕೆ ಇಷ್ಟೆಂದು ಕೇಳುವುದಿಲ್ಲ. ಷರತ್ತು ಒಂದೇ: ಅವರ ಬಳಿ ದುಡಿದ ಇಬ್ಬರು ಹಳೆಯ ಕೆಲಸಗಾರರ ಮಾತು ಅದೇ ಪುಸ್ತಕದಲ್ಲಿ, ಅವರ ಹೆಸರಿನಲ್ಲಿ, ಅವರ ಭಾಷೆಯಲ್ಲಿ ಇರಬೇಕು. ಅವರು ಒಪ್ಪಿದರೆ ಫೋಟೋ ಕೂಡ ಹಾಕೋಣ. ಶಾಲು ಇಲ್ಲದ್ದು.